ಡಾಕಪ್ಪನ ಕಲ್ಲಿನ ಬಾಟಲಿ

ಬ್ಯಾಡಗಿಯಲ್ಲಿ ಯಾರ ಪಿತ್ತಕೋಶದಲ್ಲಿ ಕಲ್ಲು ಕಂಡರೂ ಡಾಕಪ್ಪ ಹಾಜರು. ಆಪರೇಶನ್ನಿನಲ್ಲಿ ತೆಗೆದ ತನ್ನ ಕಲ್ಲುಗಳನ್ನು ಕಿಸೆಯ ಬಾಟಲಿಯಿಂದ ಅವರ ಅಂಗೈಗೆ ಸುರುವಿ, ಎದುರಿಗೇ ಕೂತು ಮಿರ್ಚಿ ಭಜಿ ತಿಂದು ತೋರಿಸುತ್ತಾನೆ. "ಪಿತ್ತದ ಚೀಲಾನ ತಗಸೇನಿ, ಏನಾಗೇತ್ರಿ ನನಗ?" ರಾಣೆಬೆನ್ನೂರಿನ ಆಸ್ಪತ್ರೆಗೂ ತಾನೇ ಕರೆದೊಯ್ಯುತ್ತಾನೆ. ಪಿತ್ತನಾಳಕ್ಕೆ ಪೆಟ್ಟಾಗುವ ಅಪಾಯವಿದೆ ಎಂದು ಡಾಕ್ಟರು ಶುರುಮಾಡಿದರೆ, "ಅದನ್ನೆಲ್ಲಾ ಹೇಳಿ ಹೆದರಸಬ್ಯಾಡ್ರಿ, ಸಹಿ ಎಲ್ಲಿ ಮಾಡಬೇಕು ತೋರಸ್ರಿ" ಎಂದು ಬಾಯಿ ಮುಚ್ಚಿಸುತ್ತಾನೆ. ಹೆಂಡತಿ ಮೈಲವ್ವನ ಆಪರೇಶನ್ನಿಗೆ ಮುಂಚೆಯೂ ಹೀಗೇ ಮುಚ್ಚಿಸಿದ್ದ. ಅವಳ ನಾಳ ತುಂಡಾಯಿತು, ಮೈಯೆಲ್ಲ ಕಾಮಾಲೆ ಏರಿತು, ಅವಳು ಉಳಿಯಲಿಲ್ಲ. ಡಾಕಪ್ಪನ ಮಾತು ಮಾತ್ರ ಬದಲಾಗಲಿಲ್ಲ. ಈಗಲೂ ಯಾರಾದರೂ ಗುಣವಾಗಿ ಬಂದರೆ ಬಜಾರದಲ್ಲೆಲ್ಲ ಸಾರಿಕೊಂಡು ಬರುತ್ತಾನೆ. ಆಮೇಲೆ ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಮೈಲವ್ವನ ಫೋಟೋದ ಮುಂದೆ ನಿಂತು ಅವಳಿಗೂ ಹೇಳುತ್ತಾನೆ: "ನಾ ಹೇಳಿದ್ದು ಖರೇ ಐತಿ, ನೋಡು."