ಗೋಡೆಗೆ ತಾಗಬಾರದ ನೆಲ

ಪುಣೆಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಒಂಬತ್ತಾಯಿತೆಂದರೆ ಅವ್ವ ಅಡುಗೆಮನೆಯ ನೆಲದ ಮೇಲೆ ಕುಳಿತು ಜೋಳದ ರೊಟ್ಟಿ ಬಡಿಯಲು ಶುರು ಮಾಡುತ್ತಾಳೆ. ಹತ್ತಿರದ ಎರಡು ಮೆಸ್ಸುಗಳಿಗೆ ಅವಳದೇ ರೊಟ್ಟಿ. ಕೆಳಗಿನ ಮನೆಯ ಅಣ್ಣ ರಾಂಜಣಗಾಂವದ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ ಬಂದು ಮಲಗುತ್ತಿದ್ದುದೂ ಅದೇ ಹೊತ್ತಿಗೆ. ಗಂಡ ಹೆಂಡತಿ ಇಬ್ಬರೂ ಬೆಳಗಾವಿ ಕಡೆಯವರು, ನೆರೆಯವರ ಜೊತೆ ಜಗಳ ಆಡುವವರೇ ಅಲ್ಲ. ಆಡಿದ್ದರೆ ಚೆನ್ನಾಗಿತ್ತೇನೋ ಅಂತ ಈಗ ಅನ್ನಿಸುತ್ತದೆ.

ಒಂದು ದಿನ ಕೆಳಗಿನ ಅಕ್ಕ ಬಂದು ಬಾಗಿಲಲ್ಲೇ ನಿಂತರು. "ಕಾಕೂ, ಸಿಟ್ಟಾಗಬ್ಯಾಡ್ರಿ. ನಿಮ್ಮ ರೊಟ್ಟಿ ಸಪ್ಪಳ ದಿನಾ ನಮ್ಮನಿಗೆ ಬರತದ, ರೊಟ್ಟಿ ಮಾತ್ರ ಬರೂದಿಲ್ಲ ನೋಡ್ರಿ."

ಅವ್ವ ನಕ್ಕು ಬಿಸಿ ರೊಟ್ಟಿ ಕೊಟ್ಟು ಕಳಿಸಿದಳು. ಆಮೇಲೆ ಮೆಟ್ಟಿಲಲ್ಲಿ ಸಿಕ್ಕಾಗ ಅಕ್ಕ ನನಗೆ ನಿಜ ಹೇಳಿದರು. "ಅವರಿಗೆ ನಿದ್ದಿನ ಇಲ್ಲ ತಂಗಿ. ಮಶೀನ್ ಮುಂದ ನಿಂತು ತೂಕಡಸ್ತಾರಂತ. ನನಗ ಭಾಳ ಹೆದರಿಕಿ ಆಗೇದ. ಹಿಂಗ ಆದ್ರ ಮನಿ ಬಿಡಬೇಕಾಗ್ತದ."

ಮಣೆಯ ಕೆಳಗೆ ಕಂಬಳಿ ಹಾಕಿದೆವು. ಮಣೆ ಓಲಾಡಿ ರೊಟ್ಟಿ ಹರಿಯಿತು. ಕಟ್ಟೆಯ ಮೇಲೆ ಬಡಿದರೆ ಸಪ್ಪಳ ಗೋಡೆ ಹಿಡಿದು ಇನ್ನೂ ಜೋರಾಗಿ ಇಳಿಯಿತು. ಆಗ ನಾನು ವಿಡಿಯೋ ನೋಡತೊಡಗಿದೆ, ನೋಡಿ ನೋಡಿ ಹುಚ್ಚೇ ಹಿಡಿಯಿತು! ನೆಲದ ಹಳೆಯ ಫರಶಿ ಕಲ್ಲು ಕಿತ್ತು, ಸ್ಲ್ಯಾಬಿನ ಮೇಲೆ ಫೋಮ್ ಹಾಸಿ, ಅದರ ಮೇಲೆ ಹೊಸ ಸಿಮೆಂಟಿನ ಪದರ ಹಾಕಿ ಫರಶಿ ಕೂರಿಸಬೇಕು. ಗೋಡೆಯ ಬುಡದಲ್ಲೂ ಫೋಮಿನ ಪಟ್ಟಿ ನಿಲ್ಲಿಸಬೇಕು. ನೆಲ ಎಲ್ಲೂ ಗೋಡೆಗೆ ತಾಗಬಾರದು, ನೀರಿನ ಮೇಲಿನ ತಟ್ಟೆಯ ಹಾಗೆ ಬಿಡಿಯಾಗಿರಬೇಕು. ತಾಗಿದರೆ ಸಪ್ಪಳ ಅಲ್ಲಿಂದಲೇ ಇಳಿಯುತ್ತದೆ.

"ನಾಲ್ಕ ವಿಡಿಯೋ ನೋಡಿ ಇಂಜಿನಿಯರ್ ಆದೇನವಾ?" ಅಂದಳು ಅವ್ವ. ಅಂದರೂ ಅಡುಗೆಮನೆ ಬಿಟ್ಟುಕೊಟ್ಟಳು.

"ತಾಈ, ಫರಶೀಲಾ ಗಾದೀ ಕಶಾಲಾ?" ನೆಲಕ್ಕೆ ಹಾಸಿಗೆ ಯಾಕೆ ಎಂದು ಗಾರೆ ಕೆಲಸದ ಗವಂಡಿ ನಕ್ಕ. ಅವನಿಗೆ ಮರಾಠಿಯಲ್ಲಿ ಎಲ್ಲ ಬಿಡಿಸಿ ಹೇಳಿದೆ. ಫರಶಿಗೂ ಗೋಡೆಗೂ ನಡುವೆ ಸಣ್ಣ ಸಂದಿ ಬಿಡಿಸಿದೆ. ಅದಕ್ಕೆ ರಬ್ಬರಿನಂಥ ಮೆತ್ತನೆಯ ಪೇಸ್ಟು ತುಂಬುವುದೊಂದೇ ಬಾಕಿ.

ಹೊಸ ನೆಲದಲ್ಲಿ ಹಾಲು ಉಕ್ಕಿಸುವ ದಿನ ಅವ್ವ ಕೆಳಗಿನವರನ್ನು ಕರೆದಿದ್ದಳು. ನಾನು ಕೆಲಸದಿಂದ ಬರುವಷ್ಟರಲ್ಲಿ ರಂಗೋಲಿ ಬಿದ್ದಿತ್ತು, ಸಂದಿ ಬೆಳ್ಳಗೆ ತುಂಬಿತ್ತು. ಗವಂಡಿ ಬಂದು ಪೇಸ್ಟು ತುಂಬಿಹೋಗಿದ್ದಾನೆ ಅಂದುಕೊಂಡೆ.

"ನಾಳೆ ನಿದ್ದಿ ಹತ್ತಲಿ ತಂಗಿ, ನಿನಗ ಬೆಳಗಾವಿ ಕುಂದಾ ತರಸ್ತೀನಿ," ಅಂದರು ಅಣ್ಣ.

ಮರುದಿನ ಅವ್ವ ರೊಟ್ಟಿ ಬಡಿಯುವಾಗ ಕೆಳಗೆ ಹೋಗಿ ಕಿವಿಗೊಟ್ಟೆ. ಮೊದಲಿನ ಸಪ್ಪಳವೇ. "ಸ್ವಲ್ಪ ಕಮ್ಮಿ ಆಗೇದ ಬಿಡು," ಅಂದರು ಅಕ್ಕ, ನನ್ನ ಮುಖ ನೋಡಲಾಗದೆ. ತಿಂಗಳ ಕೊನೆಗೆ ಕಾರ್ಖಾನೆಯ ಹತ್ತಿರ ಮನೆ ಹಿಡಿದು ಹೊರಟೇಬಿಟ್ಟರು. ಮಾಲೀಕರಿಗೆ ಕೊಡಲು ಕೀಲಿಯನ್ನು ನಮ್ಮಲ್ಲಿಟ್ಟರು, ಜೊತೆಗೆ ಕುಂದಾದ ಡಬ್ಬಿ. "ನಿದ್ದಿ ಹತ್ತಲಿಲ್ಲ, ಆದ್ರ ನೀ ಭಾಳ ಕಷ್ಟಪಟ್ಟಿ," ಅಂದರು ಅಣ್ಣ.

ಅವರು ಹೋದ ಮೇಲೆ ನೆಲ ಒರೆಸುವಾಗ ಆ ಬಿಳಿಯ ಗೆರೆಗೆ ಉಗುರು ತಾಗಿತು. ಕಲ್ಲಿನಷ್ಟು ಗಟ್ಟಿ. ಬಿಳಿ ಸಿಮೆಂಟು.

"ನಾನ ತುಂಬಿದೆ," ಅಂದಳು ಅವ್ವ. "ಅವರು ಹಾಲಿಗೆ ಬರಾವ್ರಿದ್ರು. ಸಂದಿ ಬಿಟ್ಟ ನೆಲ ತೋರಸೂದೇನು? ಜಿರಳಿ ಬ್ಯಾರೆ ಬರತಾವ."

ಗವಂಡಿಗೆ ಅಷ್ಟೆಲ್ಲ ಹೇಳಿದ್ದೆ. ದಿನವೂ ಆ ನೆಲದ ಮೇಲೆ ಕೂರುವವಳಿಗೆ ಒಂದು ಮಾತೂ ಹೇಳಿರಲಿಲ್ಲ.

ಸ್ಕ್ರೂಡ್ರೈವರ್ ಹಿಡಿದು ಅಷ್ಟನ್ನೂ ಕೆರೆದು ತೆಗೆದೆ. ಮರುದಿನ ಅವ್ವ ರೊಟ್ಟಿಗೆ ಕುಳಿತಾಗ, ಕೀಲಿ ತೆಗೆದುಕೊಂಡು ಕೆಳಗಿಳಿದೆ. ಖಾಲಿ ಕೋಣೆ. ಕಿವಿಗೊಟ್ಟು ನಿಂತೆ. ಹೊರಗೆ ರಿಕ್ಷಾದ ಸದ್ದು, ಯಾರದೋ ಕುಕ್ಕರಿನ ಸೀಟಿ. ತಲೆಯ ಮೇಲೆ ಏನೂ ಇಲ್ಲ.

ಮೇಲೆ ಬಂದರೆ ಅವ್ವ ಇನ್ನೂ ಬಡಿಯುತ್ತಲೇ ಇದ್ದಳು.

"ಕೇಳಿಸ್ತೇನವಾ?"

"ಇಲ್ಲ."

ಅವಳು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು. "ಫೋನ್ ಹಚ್ಚು ಅವರಿಗೆ, ಹೇಳೂಣು."

ಮೊಬೈಲು ಕೈಗೆ ತೆಗೆದುಕೊಂಡವಳು ಗಡಿಯಾರ ನೋಡಿದೆ.

"ಈಗ ಬ್ಯಾಡವಾ," ಅಂದೆ. "ಮಲಗಿರ್ತಾರ."