ಅಧ್ಯಕ್ಷರ ಜಾರುಬಂಡೆ

ನೇಪಾಳದ ಭಕ್ತಪುರದ ಗಲ್ಲಿಯೊಂದರಲ್ಲಿ ಮೊಸರು ಮಾರುವ ಜುನು ಶಿಲ್ಪಕಾರಳ ಒಂದು ಕೈ ಸದಾ ಮಣ್ಣಿನ ಕುಡಿಕೆಯ ಮೇಲಿದ್ದರೆ ಇನ್ನೊಂದು ಫೋನಿನ ಮೇಲೆ. ಯಾವ ಹೊಸ ಆ್ಯಪ್ ಬಂದರೂ ಅವಳು ಮೂಸಿ ನೋಡದೆ ಬಿಟ್ಟವಳಲ್ಲ. ಕೂಗು ಕೇಳಿ ಹಕ್ಕಿಯ ಹೆಸರು ಹೇಳುವ ಆ್ಯಪ್ ಸಿಕ್ಕಿದಾಗ, ಮಧ್ಯಾಹ್ನ ಮಲಗಿದ್ದ ಅತ್ತೆಯ ಗೊರಕೆಯನ್ನು ಅದಕ್ಕೆ ಕೇಳಿಸಿದಳು. ಗೂಬೆ ಎಂದಿತು. ಸಂಜೆಯವರೆಗೂ ಮುಖ ಊದಿಸಿಕೊಂಡಿದ್ದ ಅತ್ತೆ, ಊಟಕ್ಕೆ ಕೂತಾಗ ಮೆಲ್ಲಗೆ, "ನಿಮ್ಮ ಮಾವಂದೂ ಒಂದ್ಸಲ ಕೇಳಿಸೇ, ಅವ್ರ್ಯಾವ ಪಕ್ಷೀನೋ ನೋಡೋಣ" ಎಂದರು.

ವರ್ಷಕ್ಕೊಮ್ಮೆ ಅಂಗಡಿಯನ್ನು ಗಂಡ ತೀರ್ಥನ ತಲೆಗೆ ಕಟ್ಟಿ, ಸ್ವಯಂಸೇವಕರ ತಂಡದ ಜೊತೆ ಯಾವುದಾದರೂ ಬೆಟ್ಟದೂರಿಗೆ ಹೊರಟುಬಿಡುವುದು ಅವಳ ಇನ್ನೊಂದು ಚಾಳಿ.

"ಜನ ಪುಣ್ಯಕ್ಕೆ ಮುಕ್ತಿನಾಥಕ್ಕೆ ಹೋಗ್ತಾರೆ. ನೀನು ಕಲ್ಲು ಹೊರೋಕೆ ಹೋಗ್ತೀಯಲ್ಲೇ!" ಎಂದು ತೀರ್ಥ ಗೊಣಗುತ್ತಿದ್ದ.

"ಹೊರೋದಷ್ಟೇ ಅಲ್ಲ, ಹೊತ್ತಿದ್ದನ್ನ ಫಿಲ್ಮೂ ಮಾಡ್ತೀನಿ" ಎನ್ನುತ್ತಿದ್ದಳು ಜುನು. ಅವಳ ಆ ಪುಟ್ಟ ಫಿಲ್ಮುಗಳನ್ನು ಇಂಟರ್ನೆಟ್ಟಿನಲ್ಲಿ ನೋಡುತ್ತಿದ್ದವರು ಬಹುಪಾಲು ನೆಂಟರೇ. ಅದರಲ್ಲೂ ಅರ್ಧ ಜನ ನೋಡಿದ್ದೇವೆಂದು ಸುಳ್ಳು ಹೇಳುತ್ತಿದ್ದರು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ತಂಡ ಲಮ್ಜುಂಗ್ ಕಡೆಯ ಸಿಮ್ರೊಂಗ್ ಎಂಬ ಗುರುಂಗರ ಹಳ್ಳಿಗೆ ಹೋಯಿತು. ಕುಸಿದಿದ್ದ ಕಾಲುದಾರಿಯನ್ನು ಸರಿಮಾಡುವುದು ಎಲ್ಲರ ಕೆಲಸ; ಆ ದಾರಿಯನ್ನು, ಯಾರು ಬೇಕಾದರೂ ತಿದ್ದಬಹುದಾದ ಇಂಟರ್ನೆಟ್ಟಿನ ನಕ್ಷೆಗೆ ಸೇರಿಸುವುದು ಜುನುವಿನ ಕೆಲಸ. ವಾರ್ಡ್ ಅಧ್ಯಕ್ಷ ದಿಲ್‌ಬಹಾದುರ್ ಗುರುಂಗ್ ಒಂದು ದಿನವೂ ಗುದ್ದಲಿ ಮುಟ್ಟಿರಲಿಲ್ಲ. ಉದ್ಘಾಟನೆಯ ದಿನ ಮಾತ್ರ ಮಿರಮಿರ ಮಿಂಚುವ ಬೂಟು ತೊಟ್ಟು ಬಂದ. ಅವನಿಗೆ ಜುನು 'ಬೈನಿ', ಅಂದರೆ ತಂಗಿ; ಅವಳಿಗೆ ಅವನು 'ದಾಯ್', ಅಣ್ಣ.

"ಬೈನಿ, ನಾನು ಮುಂದೆ ನಡೀತೀನಿ, ಊರೆಲ್ಲ ಹಿಂದೆ ಬರುತ್ತೆ. ನೀನು ಕೆಳಗಿಂದ ತೆಗಿ. ಎತ್ತರವಾಗಿ ಕಾಣ್ಬೇಕು."

"ಆಗ್ಲಿ ದಾಯ್. ಆ ಬಂಡೆ ಮೇಲೆ ನೀರು ಒಸರ್ತಿದೆ, ಹುಷಾರು."

"ಹುಟ್ಟಿದಾಗಿಂದ ಈ ಬಂಡೆ ಮೇಲೇ ಓಡಾಡಿದ್ದೀನಿ!"

ಮಾತು ಮುಗಿಯುವ ಮುಂಚೆಯೇ ಬೂಟು ಜಾರಿತು. ಅಧ್ಯಕ್ಷ ಕೊರಳಿನ ಹೂವಿನ ಹಾರದ ಸಮೇತ ಕುಂಡೆಯ ಮೇಲೆ ಸರ್ರನೆ ಜಾರಿಕೊಂಡು ಹೋಗಿ ಎಮ್ಮೆ ಹೊರಳುವ ಕೆಸರುಗುಂಡಿಗೆ ಬಿದ್ದ. ಒಳಗಿದ್ದ ಎಮ್ಮೆ ಒಮ್ಮೆ ನೋಡಿ, ಕೊಂಚ ಸರಿದು ಜಾಗ ಬಿಟ್ಟಿತು.

ಎದ್ದವನೇ ಅವನು ಹೇಳಿದ ಮೊದಲ ಮಾತು, "ಅಳಿಸು!"

ಅವನ ಕಣ್ಣೆದುರೇ ಜುನು ಆ ವಿಡಿಯೊ ಅಳಿಸಿದಳು. ಎಲ್ಲೂ ನಕಲು ಉಳಿಸಿಕೊಳ್ಳಲಿಲ್ಲ. ಬೆರಳು ಒತ್ತುವ ಮುಂಚೆ ಮಾತ್ರ ಕೊನೆಯದಾಗಿ ಒಮ್ಮೆ ನೋಡಿಕೊಂಡಳು. ಅಂಥದ್ದು ಕ್ಯಾಮೆರಾ ಮುಂದೆ ಮತ್ತೆ ಬೀಳುತ್ತದೆಯೇ?

ಸಂಜೆ ಊರ ಹೆಂಗಸರ ಜೊತೆ ಒಲೆಯ ಸುತ್ತ ಕೂತು ನಕ್ಷೆಗೆ ಹೆಸರು ತುಂಬುತ್ತಿದ್ದಳು. "ಆ ಬಂಡೆಗೇನಂತೀರಿ?" ಎಂದು ಕೇಳಿದಾಗ ಮನ್‌ಕುಮಾರಿ ಅಜ್ಜಿ ತುಸುವೂ ನಗದೆ, "ಅದಾ? ಅಧ್ಯಕ್ಷರ ಜಾರುಬಂಡೆ" ಎಂದಳು.

"ಯಾವಾಗಿಂದ ಅಜ್ಜಿ?"

"ಬೆಳಗ್ಗೆಯಿಂದ."

ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ಊರವರು ಕರೆಯುವ ಹೆಸರನ್ನೇ ಬರೆಯಬೇಕೆಂಬುದು ನಕ್ಷೆಯ ನಿಯಮ. ನಿಯಮ ಮೀರುವ ಜಾಯಮಾನ ಜುನುವಿನದಲ್ಲ. ಬರೆದಳು.

ದಶೈಂ ಹಬ್ಬ ಕಳೆದು ಚಾರಣಿಗರು ಬರತೊಡಗಿದ ಮೇಲೆ, ಒಂದು ಬೆಳಗ್ಗೆ ಮೊಸರಂಗಡಿಗೆ ಫೋನು ಬಂತು.

"ಬೈನಿ! ಬಿಳಿ ಜನ ಫೋನ್ ಹಿಡ್ಕೊಂಡು ಬಂದು ಅಧ್ಯಕ್ಷರ ಜಾರುಬಂಡೆ ಎಲ್ಲಿ ಅಂತ ನನ್ನನ್ನೇ ಕೇಳ್ತಾರೆ! ಸಾಲು ನಿಂತು ಜಾರ್ತಾರೆ! ಈಗಿಂದೀಗ್ಲೇ ಆ ಹೆಸರು ತೆಗಿ!"

"ನಕ್ಷೆ ಎಲ್ಲರದ್ದೂ ದಾಯ್, ನೀವೇ ತೆಗೀಬಹುದು. ಹೇಳ್ಕೊಡ್ಲಾ?"

ಹೇಳಿಕೊಟ್ಟಳು, ಫೋನಿನಲ್ಲೇ, ಗಿರಾಕಿಗಳನ್ನು ಕಾಯಿಸಿ. ಅಧ್ಯಕ್ಷ ಬೈಯುತ್ತಲೇ ಕಲಿತ. ರಾತ್ರಿ ಊಟವಾದ ಮೇಲೆ ಜುನು ನಕ್ಷೆ ತೆರೆದರೆ ಹೆಸರು ಹೋಗಿರಲಿಲ್ಲ, ಉದ್ದವಾಗಿತ್ತು: 'ಅಧ್ಯಕ್ಷ ದಿಲ್‌ಬಹಾದುರ್ ಗುರುಂಗರ ಜಾರುಬಂಡೆ.' ಪಕ್ಕದಲ್ಲೇ ಅವನ ನಾದಿನಿಯ ಚಹದಂಗಡಿಯೂ ಮೂಡಿತ್ತು.

ಅವಳು ಫೋನು ಮಾಡಿ ಕಾರಣ ಕೇಳಿದಳು. ಅವನು ಗಂಟಲು ಸರಿಮಾಡಿಕೊಂಡ. "ಪಕ್ಕದ ವಾರ್ಡಿನ ಅಧ್ಯಕ್ಷ ಅದು ತನ್ನ ಹೆಸರಿನ ಬಂಡೆ ಅಂತ ಹೇಳ್ಕೊಂಡು ತಿರುಗ್ತಿದ್ದಾನೆ. ಆ ಮನುಷ್ಯ ಜೀವಮಾನದಲ್ಲಿ ಒಂದ್ಸಲಾನೂ ಜಾರಿಲ್ಲ! ಅದಿರ್ಲಿ ಬೈನಿ... ಆ ವಿಡಿಯೊ ಎಲ್ಲಾದ್ರೂ ಇಟ್ಟಿದ್ದೀಯಾ?"

"ನಿಮ್ಮೆದುರೇ ಅಳಿಸಿದ್ನಲ್ಲ."

"ಎಲ್ಲರೂ ಸುಳ್ಳು ಹೇಳೋ ಕಾಲದಲ್ಲಿ ನೀನೊಬ್ಬಳು!"

ಚೈತ್ರದಲ್ಲಿ ಅವಳು ಮತ್ತೆ ಹೋದಳು, ಈ ಸಲ ಅಧ್ಯಕ್ಷನ ಆಮಂತ್ರಣದ ಮೇಲೆ. ಅದೇ ಬೂಟು, ಹೊಸ ಹಾರ. ಆದರೆ ಬಿಸಿಲಿಗೆ ಬಂಡೆ ಒಣಗಿಹೋಗಿತ್ತು. ದಿಲ್‌ಬಹಾದುರ್ ಕೂತ, ಕೂತಲ್ಲೇ ಇದ್ದ. ಹೆಂಗಸರು ಕೊಡಗಟ್ಟಲೆ ನೀರು ಸುರಿದರು. ಅರ್ಧಕ್ಕೆ ಬಂದು ಸಿಕ್ಕಿಕೊಂಡ. ಕೊನೆಗೆ ಮನ್‌ಕುಮಾರಿ ಅಜ್ಜಿ ಊರುಗೋಲನ್ನು ಅವನ ಬೆನ್ನಿಗೆ ಆನಿಸಿ, ವರ್ಷಗಳ ಸಿಟ್ಟನ್ನೆಲ್ಲ ಸೇರಿಸಿ ನೂಕಿದಳು.

ಜುನುವಿನ ಫಿಲ್ಮುಗಳಲ್ಲಿ ನೆಂಟರು ಹೇಳಿಸಿಕೊಳ್ಳದೆಯೇ ನೋಡಿದ್ದು ಅದೊಂದನ್ನೇ. ಚಿತ್ರ ಮಾತ್ರ ಉದ್ದಕ್ಕೂ ಅಲುಗುತ್ತದೆ. ಕ್ಯಾಮೆರಾ ಹಿಡಿದವಳು ನಗುತ್ತಿದ್ದಳು.