ನಾನು ಹೊಡೆದುಹಾಕಿದ ಸಾಲು

ಕಳೆದ ವರ್ಷ ಮೇ ತಿಂಗಳ ಎರಡನೇ ಭಾನುವಾರ, ಮಧ್ಯಾಹ್ನ ಹನ್ನೆರಡೂಮುಕ್ಕಾಲಿಗೆ, ಅರಕಲಗೂಡಿನ ಒಂದು ಮದುವೆ ಛತ್ರದಲ್ಲಿ ನಮ್ಮ ಕಂಪ್ಯೂಟರ್ ಕೆಟ್ಟು ನಿಂತಿತು. ಒಳಗೆ ನೀರು ಸೋರಿತ್ತು.

ನಮ್ಮ ಎಂದರೆ ನನ್ನದು ಮತ್ತು ಹೊಳೆನರಸೀಪುರದ ಗೆಳೆಯನದು. ಹಾಸನದ ಪತ್ರಿಕೆಯೊಂದರಲ್ಲಿ ನಾನು ಸುದ್ದಿ ತಿದ್ದುತ್ತಿದ್ದೆ, ಅವನು ಪುಟ ಕಟ್ಟುತ್ತಿದ್ದ. ಪತ್ರಿಕೆ ನಿಂತ ಮೇಲೆ ಮದುವೆ ವಿಡಿಯೊ ಕೆಲಸ ಹಿಡಿದೆವು. ಬೆಳಗಿನ ಮುಹೂರ್ತವನ್ನು ಛತ್ರದಲ್ಲೇ ಎಡಿಟ್ ಮಾಡಿ, ಊಟದ ಹೊತ್ತಿಗೆ ಟಿ.ವಿ.ಯಲ್ಲಿ ತೋರಿಸುತ್ತಿದ್ದೆವು. ಹೊಳೆನರಸೀಪುರದಿಂದ ಚನ್ನರಾಯಪಟ್ಟಣದವರೆಗೆ ಮದುವೆಗಳು ಬರುತ್ತಿದ್ದದ್ದು ಅವನ ಹೆಸರಿನ ಮೇಲೆ. ನನ್ನನ್ನು ಯಾರೂ ಕರೆದವರಲ್ಲ.

ಇದ್ದ ಹಳೆಯ ಕಂಪ್ಯೂಟರ್ ದೊಡ್ಡ ಡಬ್ಬ; ಕೈಯಲ್ಲಿ ಒಯ್ಯುವಂಥ ಚಿಕ್ಕದು ಬೇಕಿತ್ತು. ಚಿಕ್ಕ ಪೆಟ್ಟಿಗೆಯಲ್ಲಿ ಬರೀ ಫ್ಯಾನು ಸಾಲದು. ಅಡುಗೆಮನೆ ಪಕ್ಕದ ಕೋಣೆ ಕೊಟ್ಟರಂತೂ ಅರ್ಧ ಗಂಟೆಯಲ್ಲಿ ಯಂತ್ರ ಕಾದು ಕುಂಟುತ್ತದೆ. ಒಳಗೆ ನೀರು ಹರಿಸಿ ತಣಿಸೋಣ ಎಂದವನು ಅವನೇ. ಯೋಜನೆಯನ್ನು ಪುಟದ ನಕ್ಷೆ ಬರೆಯುವ ಹಳೆಯ ಡಮ್ಮಿ ಹಾಳೆಯ ಮೇಲೆ ಹಾಕಿದ. ಪಂಪು ಇಲ್ಲಿ, ರೇಡಿಯೇಟರ್ ಅಲ್ಲಿ, ಪೈಪು ಇಷ್ಟಕ್ಕಿಂತ ಬಾಗಿದರೆ ಮಡಚಿಕೊಳ್ಳುತ್ತದೆ. ರೇಡಿಯೇಟರಿಗೆ ಫ್ಯಾನು ಸೇರಿಸಿದ ಮೇಲೆ ಗ್ರಾಫಿಕ್ಸ್ ಕಾರ್ಡಿಗೆ ಉಳಿದ ಅಂತರ ನಾಲ್ಕು ಮಿಲಿಮೀಟರ್. ರಟ್ಟು ಕತ್ತರಿಸಿ ಇಟ್ಟು ನೋಡುತ್ತ ಮೂರು ವಾರ ಕಳೆದ. ಹಾಳೆಯ ಕೊನೆಯ ಸಾಲು: ‘ಪಂಪು ಮಾತ್ರ ಓಡಿಸಿ, ಇಪ್ಪತ್ತನಾಲ್ಕು ಗಂಟೆ ಸೋರಿಕೆ ನೋಡುವುದು.’ ಕೆಳಗೆ ನನ್ನ ಸಹಿಗೆ ಜಾಗ. ಕಚೇರಿಯಲ್ಲಿ ನನ್ನ ಸಹಿ ಇಲ್ಲದೆ ಅವನ ಪುಟ ಅಚ್ಚಿಗೆ ಹೋಗುತ್ತಿರಲಿಲ್ಲ. ಆ ಅಭ್ಯಾಸ ಇಬ್ಬರನ್ನೂ ಬಿಟ್ಟಿರಲಿಲ್ಲ.

ಪೈಪು ಕೂರಿಸುವ ಫಿಟ್ಟಿಂಗ್‌ಗಳು ತಡವಾಗಿ, ಮದುವೆಯ ಹಿಂದಿನ ದಿನ ಬೆಳಿಗ್ಗೆ ಬಂದವು. ಅವನು ಜೋಡಿಸಿ, ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರು ತುಂಬಿ, ಅಡಿಯಲ್ಲಿ ನಮ್ಮದೇ ಹಳೆಯ ಪತ್ರಿಕೆ ಹಾಸಿದ. ಒಂದು ಹನಿ ಬಿದ್ದರೂ ಕಾಗದದ ಮೇಲೆ ಕಾಣುತ್ತದೆ. ಮೂರು ಗಂಟೆ ಕಳೆದರೂ ಕಾಗದ ಒಣಗಿಯೇ ಇತ್ತು. ನಾನು ಕೆಂಪು ಪೆನ್ನು ತೆಗೆದು ಇಪ್ಪತ್ತನಾಲ್ಕನ್ನು ಹೊಡೆದು, ಮೂರು ಎಂದು ಬರೆದು ಸಹಿ ಹಾಕಿದೆ. ಉದ್ದದ ಸುದ್ದಿಗಳನ್ನು ಹೀಗೇ ಕತ್ತರಿಸುತ್ತಿದ್ದೆ.

“ನೀರು ನಮ್ ಡೆಡ್‌ಲೈನ್ ಕೇಳಾಕಿಲ್ಲ ಕಣ್ ಸಾ,” ಎಂದ. “ನಾಳೀಕೆ ಅಳೇ ಡಬ್ಬನೇ ತಗಂಡೋಗನ.”

“ಪುಟ ಬಿಡಯ್ಯ,” ಎಂದೆ, ಕಚೇರಿಯಲ್ಲಿ ಅಚ್ಚಿಗೆ ಕಳಿಸುವಾಗ ಹೇಳುತ್ತಿದ್ದಂತೆ.

ಮಾರನೆಯ ದಿನ ಕಾರಿನಲ್ಲಿ ಅರಕಲಗೂಡಿಗೆ ಹೋದೆವು. ದಾರಿಯ ಹಂಪುಗಳಲ್ಲಿ ಕುಲುಕಿ ಒಂದು ಫಿಟ್ಟಿಂಗ್ ಸಡಿಲವಾಗಿರಬೇಕು. ಎಡಿಟ್ ಇನ್ನೇನು ಮುಗಿಯಬೇಕು, ಪರದೆ ಆರಿತು. ಪೆಟ್ಟಿಗೆ ತೆರೆದರೆ ಕಾರ್ಡಿನ ಮೇಲೆ ನೀರು.

ಗೆಳೆಯನ ಪರಿಚಯದಿಂದ ನಮ್ಮನ್ನು ಕರೆಸಿದ್ದವರು ಮದುಮಗಳ ಸೋದರಮಾವ. ಅವರು ಬಂದರು. “ಏನ್ರಪ್ಪ, ಎರಡ್ನೇ ಪಂಕ್ತೀನೂ ಎದ್ದೋಯ್ತು, ನಿಮ್ ಟಿವಿ ಇನ್ನೂ ಕರ್ರಗೇ ಅದೆ?”

“ಮದುಮಗಳಿಗಿಂತ ಅದುಕ್ಕೇ ನಾಚ್ಕೆ ಜಾಸ್ತಿ ಕಣ್ ಬುಡು,” ಎಂದು ಹಿಂದಿನಿಂದ ಯಾರೋ ಅಂದರು. ನಕ್ಕರು.

ಸೋದರಮಾವ ನಗಲಿಲ್ಲ. “ಯಾರ್ಲಾ ಮಾಡಿದ್ದು ಇದ್ನ?”

“ಜೋಡಿಸಿದ್ದು ಇವನು,” ಎಂದೆ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ನೆಂಟರ ಮುಂದೆ ಅವರು ಅವನನ್ನು ಬಾಯಿಗೆ ಬಂದಂತೆ ಬೈದರು. ಅವನು ಟವೆಲಿನಿಂದ ನೀರು ಒರೆಸುತ್ತಲೇ ಇದ್ದ. ನಾನು ವೈರುಗಳನ್ನು ಸುತ್ತಿಟ್ಟೆ.

ಹಾಸನಕ್ಕೆ ಮರಳುವಾಗ ಅವನೇ ಬಾಯಿಬಿಟ್ಟ. “ಆ ಹಾಳೆ ನನ್ ಜೋಬಲ್ಲೇ ಇತ್ತು ಸಾ.”

“ತೋರಿಸಬೇಕಿತ್ತು.”

“ನೀವೇ ಯೋಳ್ತೀರ ಅಂದ್ಕಂಡೆ.”

ಬಸ್ ನಿಲ್ದಾಣದ ಬಳಿ ಇಳಿದು ಹೋದ. ಹಾಳೆ ಸೀಟಿನ ಮೇಲಿತ್ತು. ಆಮೇಲೆ ಅವನಿಗೆ ಮದುವೆಗಳು ಬರಲಿಲ್ಲ. ಈಗ ಚನ್ನರಾಯಪಟ್ಟಣದಲ್ಲಿ ಫ್ಲೆಕ್ಸ್ ಅಚ್ಚು ಹಾಕುವ ಅಂಗಡಿಯೊಂದರಲ್ಲಿದ್ದಾನೆ. ನನ್ನ ಕರೆ ತೆಗೆಯುವುದಿಲ್ಲ.

ಕಳೆದ ಗುರುವಾರ ಅಂಗಡಿಯ ಫೋನಿಗೇ ಮಾಡಿದೆ. ಮಾಲೀಕರು ಎತ್ತಿಕೊಂಡು, ಯಾರೆಂದು ಕೇಳಿ, ಒಳಗೆ ಯಾರನ್ನೋ ವಿಚಾರಿಸಿ ಬಂದು, ಅವನು ಊಟಕ್ಕೆ ಹೋಗಿದ್ದಾನೆ ಎಂದರು. ಆಗ ಬೆಳಿಗ್ಗೆ ಹತ್ತೂಕಾಲು.